ದೂರು ಬರೆಯುವುದು ಬೇರೆ, ಲೆಕ್ಕ ಬರೆಯುವುದು ಬೇರೆ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. 2000ದಲ್ಲಿ ಈ ಸಂಘ ಪ್ರಾರಂಭವಾದಾಗ ನಾನು ಇಪ್ಪತ್ತು ದಾಟಿದ ಹುಡುಗ. ಒಂದೇ ಒಂದು ಸೀಮೆ ಹಸು ಇತ್ತು. ಮಾರಮ್ಮನ ಗುಡಿ ಜಗಲಿಯ ಮೇಲೆ ಕ್ಯಾನ್ ಇಟ್ಟು ಹಾಲು ಅಳೆಯುತ್ತಿದ್ದ ದಿನಗಳು ಇಲ್ಲಿರುವ ಹಿರಿಯರಿಗೆಲ್ಲ ನೆನಪಿವೆ. ಅಂಥವನಿಗೆ ಈ ದಿವಸ "ಮಕ್ಕಳ ಮುಂದಿನ ಉದ್ಯೋಗ" ಎಂಬ ವಿಷಯದ ಬಗ್ಗೆ ಎರಡು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಡಾಕ್ಟರು, ಇಂಜಿನಿಯರು, ಪೊಲೀಸು, ಮೇಷ್ಟ್ರು, ಇವುಗಳ ಬಗ್ಗೆ ಹೇಳಲು ಇಲ್ಲಿ ಓದಿದವರು ಬೇಕಾದಷ್ಟು ಜನ ಇದ್ದೀರಿ. ನಾನು ಬೇರೆ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ನಮ್ಮ ಊರಿನಲ್ಲಿ ಅದನ್ನು ಕೆಲಸ ಎಂದು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಸರ್ಕಾರ ಜನರಿಗೆ ಕೊಡುವ ಸೇವೆ ಸರಿಯಾಗಿ ಮುಟ್ಟುತ್ತಿದೆಯೋ ಇಲ್ಲವೋ ಎಂದು ಊರೂರು ತಿರುಗಿ ಕೇಳಿ, ಲೆಕ್ಕ ಹಾಕಿ, ಬರೆದು, ಎಲ್ಲಿ ಸರಿಮಾಡಬೇಕು ಎಂದು ತೋರಿಸಿಕೊಡುವ ಕೆಲಸ ಅದು.

ನಮ್ಮ ಅಣ್ಣನ ಮಗಳು ಈ ಕೆಲಸದಲ್ಲಿದ್ದಾಳೆ. ಮೈಸೂರಿನಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದಳು. ಈಗ ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆಯಲ್ಲಿದ್ದಾಳೆ. ಅವಳಿಗೆ ಗಂಡು ನೋಡುವಾಗ ಬಂದ ನೆಂಟರು ಕೇಳಿದರು, "ಹುಡುಗಿ ಕೆಲಸ ಗೌರ್ಮೆಂಟಾ?" ನಮ್ಮ ಅತ್ತಿಗೆ, "ಗೌರ್ಮೆಂಟಲ್ಲ, ಗೌರ್ಮೆಂಟಿನ ಬಗ್ಗೆ ಬರೆಯೋದು" ಅಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಂಗಾದ್ರೆ ಪೇಪರಿನವರಾ?" "ಪೇಪರೂ ಅಲ್ಲ." "ಮತ್ತೆ ಮನೆ ಮನೆ ತಿರುಗೋದಾ?" ಆ ಸಂಬಂಧ ಅಲ್ಲಿಗೇ ನಿಂತಿತು. ಸುಳ್ಳು ಯಾಕೆ ಹೇಳಲಿ, ಆಗ ನಾನೂ ಅವಳಿಗೆ ಹೇಳಿದ್ದೆ, "ಮಗಾ, ಬಿ.ಎಡ್. ಮಾಡಿಬಿಡು, ಈ ಅಲೆಯೋ ಕೆಲಸ ನಮಗೆ ಬೇಡ" ಅಂತ. ಆ ಮಾತನ್ನು ಯಾಕೆ ವಾಪಸ್ ತೆಗೆದುಕೊಂಡೆ ಎಂಬುದನ್ನೇ ನಾನು ಈವತ್ತು ಹೇಳಬೇಕೆಂದಿರುವುದು.

2016ರ ಕಾರ್ತೀಕ ಮಾಸ. ನಮ್ಮ ಮನೆಯಲ್ಲಿ ಮೂರನೇ ಸೂಲಿನ ಹಸು ರಾತ್ರಿ ಕರು ಹಾಕಿತು. ಬೆಳಗ್ಗೆ ನೋಡುತ್ತೇನೆ, ಏಳಲು ಆಗುತ್ತಿಲ್ಲ. ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದೆ, ಕಿವಿ ತಣ್ಣಗಾಗಿದೆ. ಹಾಲುಜ್ವರ. ಹೆಚ್ಚು ಹಾಲು ಕೊಡುವ ಹಸುಗಳಿಗೆ ಕರು ಹಾಕಿದ ಮೇಲೆ ರಕ್ತದಲ್ಲಿ ಸುಣ್ಣದ ಅಂಶ ಇಳಿದು ಹೀಗಾಗುತ್ತದೆ. ಹೆಸರು ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಹೊತ್ತಿಗೆ ಸರಿಯಾಗಿ ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಸತ್ತೇ ಹೋಯಿತು ಅಂದುಕೊಂಡ ಹಸು ಎದ್ದು ನಿಲ್ಲುತ್ತದೆ. ತಡವಾದರೆ ಹೋಯಿತು. ನಾನು ಡೇರಿಗೆ ಓಡಿ ಬಂದು ಹೇಳಿದೆ, "ದನದ ಡಾಕ್ಟರಿಗೆ ಫೋನ್ ಮಾಡಿಸಿ." ಡಾಕ್ಟರು ಬಂದಿದ್ದು ಮಧ್ಯಾಹ್ನ ಮೂರೂವರೆಗೆ. ಹಸು ಎರಡು ಗಂಟೆಗೇ ಪ್ರಾಣ ಬಿಟ್ಟಿತ್ತು.

ಆ ದಿನ ನಾನು ಆಡಿದ ಮಾತು ಇಲ್ಲಿರುವ ಕೆಲವರು ಕೇಳಿದ್ದೀರಿ. ಬೀದಿಯಲ್ಲಿ ನಿಂತು ಆ ಡಾಕ್ಟರನ್ನು ಬಾಯಿಗೆ ಬಂದ ಹಾಗೆ ಬೈದೆ. ಸಂಬಳ ತಗೊಂಡು ನಿದ್ದೆ ಮಾಡ್ತೀರಾ ಅಂದೆ. ಅವರು ಒಂದು ಮಾತೂ ಆಡದೆ ಕರುವನ್ನು ನೋಡಿ, ಔಷಧಿ ಬರೆದುಕೊಟ್ಟು ಹೋದರು. ಆಮೇಲೆ ಒಂದು ಅರ್ಜಿ ಬರೆದೆವು. "ನಮ್ಮ ಗ್ರಾಮಕ್ಕೆ ಪಶುವೈದ್ಯ ಸೇವೆ ಸರಿಯಾಗಿ ದೊರೆಯುತ್ತಿಲ್ಲವಾದ್ದರಿಂದ ತಾವು ದಯಮಾಡಿ ಕ್ರಮ ಕೈಗೊಳ್ಳಬೇಕು." ಕೆಳಗೆ ನಾಲ್ಕು ಹಾಳೆ ತುಂಬ ರುಜು, ಹೆಬ್ಬೆಟ್ಟು. ಇಂಥ ಅರ್ಜಿ ನಮ್ಮೂರಿನಿಂದ ಹೋಗಿದ್ದು ಅದೇ ಮೊದಲಲ್ಲ, ಮೂರನೆಯದು. ಮೊದಲಿನ ಎರಡಕ್ಕೆ ಏನಾಯಿತೋ ಇದಕ್ಕೂ ಅದೇ ಆಯಿತು.

ಸಂಕ್ರಾಂತಿಗೆ ಅಣ್ಣನ ಮಗಳು ಊರಿಗೆ ಬಂದಿದ್ದಳು. ಹಸು ಹೋದ ಸಂಕಟವನ್ನೆಲ್ಲ ಹೇಳಿಕೊಂಡೆ. ಅರ್ಜಿಯ ನಕಲು ತೋರಿಸಿದೆ. ಓದಿ ಕೇಳಿದಳು, "ಚಿಕ್ಕಪ್ಪ, ಸರಿಯಾಗಿ ದೊರೆಯುತ್ತಿಲ್ಲ ಅಂತ ಬರೆದಿದ್ದೀರಲ್ಲ, ಎಷ್ಟು ಸಲ ಕರೆದಿರಿ, ಎಷ್ಟು ಸಲ ಬಂದರು, ಎಷ್ಟು ಹೊತ್ತಿಗೆ ಬಂದರು?" ನನಗೆ ಸಿಟ್ಟು ಬಂತು. "ಅದನ್ನೆಲ್ಲ ಯಾರು ಬರೆದಿಡ್ತಾರೆ? ಎಲ್ಲರಿಗೂ ಗೊತ್ತಿರೋ ವಿಚಾರ" ಅಂದೆ. ಅದಕ್ಕೆ ಅವಳು, "ನಿಮ್ಮ ಡೇರಿಲಿ ಒಬ್ಬರು ಬಂದು ನಮ್ಮ ಹಸು ಚೆನ್ನಾಗಿ ಹಾಲು ಕೊಡುತ್ತೆ, ಎಲ್ಲರಿಗೂ ಗೊತ್ತಿರೋ ವಿಚಾರ, ದುಡ್ಡು ಕೊಡಿ ಅಂದ್ರೆ ಕೊಡ್ತೀರಾ? ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಕೇಳಲ್ವಾ?" ಅಂದಳು. ನಾನು ಸುಮ್ಮನಾದೆ.

ಮಾರನೆಯ ದಿನ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದು ಗೆರೆ ಹಾಕಿಕೊಟ್ಟಳು. ಕರೆದವರು ಯಾರು, ರಾಸಿಗೆ ಏನಾಗಿತ್ತು, ಡೇರಿಯಲ್ಲಿ ಎಷ್ಟು ಗಂಟೆಗೆ ಹೇಳಿದರು, ಡಾಕ್ಟರಿಗೆ ಎಷ್ಟು ಗಂಟೆಗೆ ಸುದ್ದಿ ಮುಟ್ಟಿತು, ಅವರು ಆಗ ಎಲ್ಲಿದ್ದರು, ಬಂದಿದ್ದು ಎಷ್ಟು ಗಂಟೆಗೆ, ಔಷಧಿ ಇತ್ತೇ ಇಲ್ಲವೇ, ಕೊನೆಗೆ ಏನಾಯಿತು. ಇಷ್ಟೇ ಕಲಮುಗಳು. "ಮೂರು ತಿಂಗಳು ಬರೆಯಿರಿ. ಯಾರನ್ನೂ ಬೈಯಬೇಡಿ, ಹೊಗಳಬೇಡಿ. ನಡೆದದ್ದನ್ನು ಮಾತ್ರ ಬರೆಯಿರಿ" ಅಂದಳು. ನಮ್ಮ ಕಾರ್ಯದರ್ಶಿಗಳು ಒಪ್ಪಿಕೊಂಡರು. ಪುಸ್ತಕವನ್ನು ಹಾಲು ಅಳೆಯುವ ಮೇಜಿನ ಮೇಲೆ ದಾರ ಕಟ್ಟಿ ಇಟ್ಟೆವು.

ಮೂರು ತಿಂಗಳಾದ ಮೇಲೆ ಅವಳೇ ಬಂದು ಕುಳಿತು ಲೆಕ್ಕ ತೆಗೆದಳು. ಮೂರು ಸಂಗತಿ ಹೊರಗೆ ಬಂದವು.

ಮೊದಲನೆಯದು, ನಮ್ಮ ಡಾಕ್ಟರಿಗೆ ನಮ್ಮ ಆಸ್ಪತ್ರೆಯ ಜೊತೆಗೆ ಇನ್ನೆರಡು ಕಡೆಯ ಪ್ರಭಾರ ಇತ್ತು. ವಾರದಲ್ಲಿ ಎರಡು ದಿನ ಒಂದು ಕಡೆ, ಒಂದು ದಿನ ಇನ್ನೊಂದು ಕಡೆ. ಯಾವ ದಿನ ಎಲ್ಲಿ ಎಂಬುದು ನಮ್ಮೂರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎರಡನೆಯದು, ಎಷ್ಟೋ ಸಲ ಡಾಕ್ಟರ ಬಳಿ ಕ್ಯಾಲ್ಸಿಯಂ ಬಾಟಲಿ ದಾಸ್ತಾನು ಇರುತ್ತಿರಲಿಲ್ಲ. ಪೇಟೆಗೆ ಹೋಗಿ ತರುವಷ್ಟರಲ್ಲಿ ಎರಡು ಗಂಟೆ ಹೋಗುತ್ತಿತ್ತು. ಮೂರನೆಯದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ. ಬೆಳಗ್ಗೆ ಆರೂವರೆಗೆ ಡೇರಿಯಲ್ಲಿ ಹೇಳಿದ ಸುದ್ದಿ ಡಾಕ್ಟರಿಗೆ ಮುಟ್ಟುತ್ತಿದ್ದದ್ದು ಒಂಬತ್ತೂವರೆ, ಹತ್ತಕ್ಕೆ. ಯಾಕೆಂದರೆ ಹಾಲು ಅಳೆದು, ಕ್ಯಾನು ಗಾಡಿಗೆ ಏರಿಸಿ, ಲೆಕ್ಕ ಬರೆದು ಮುಗಿಸಿದ ಮೇಲೆ ಫೋನ್ ಮಾಡುವುದು ನಮ್ಮ ರೂಢಿಯಾಗಿತ್ತು. ಅಂದರೆ ತಡದಲ್ಲಿ ಅರ್ಧ ಪಾಲು ನಮ್ಮದೇ. ಆಗ ನಾನು ಈ ಸಂಘದ ನಿರ್ದೇಶಕ. ಸ್ವಾಮಿ, ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಇದೇ.

ಕಾರ್ಯದರ್ಶಿಗಳಿಗೆ ಬೇಸರವಾಯಿತು. "ನಮ್ಮ ತಪ್ಪನ್ನು ನಾವೇ ಬರೆದು ಕಳಿಸೋದಾ?" ಎಂದು ಆಡಳಿತ ಮಂಡಳಿಯಲ್ಲಿ ಕೆಲವರು ಆ ಕಲಮು ತೆಗೆದುಬಿಡಿ ಅಂದರು. ದೊಡ್ಡ ಚರ್ಚೆಯೇ ಆಯಿತು. ಮಗಳು ಹೇಳಿದ್ದು ಒಂದೇ ಮಾತು, "ಆ ಕಲಮು ತೆಗೆದರೆ ಇದೂ ನಿಮ್ಮ ಹಳೇ ಅರ್ಜಿನೇ ಆಗುತ್ತೆ." ಕೊನೆಗೆ ಹಾಗೆಯೇ ಇಟ್ಟೆವು. ಮೊದಲು ನಮ್ಮ ಕಡೆ ಸರಿಮಾಡಿಕೊಂಡೆವು. ರಾಸಿನ ಕಾಯಿಲೆ ಸುದ್ದಿ ಬಂದರೆ ಹಾಲಿನ ಸಾಲು ನಿಲ್ಲಿಸಿಯಾದರೂ ಆ ಕ್ಷಣವೇ ಫೋನು. ಡಾಕ್ಟರು ಯಾವ ದಿನ ಎಲ್ಲಿರುತ್ತಾರೆ ಎಂಬುದನ್ನು ಅವರನ್ನೇ ಕೇಳಿ ಬೋರ್ಡಿನ ಮೇಲೆ ಬರೆಸಿದೆವು. ಅವರು ಹೇಳಿದ ಬಾಟಲಿಗಳನ್ನು ಸಂಘದ ವೆಚ್ಚದಲ್ಲಿ ತಂದು ಬೀರುವಿನಲ್ಲಿ ಇಟ್ಟೆವು. ಅವರು ಬಂದು ಹಾಕಬೇಕೇ ಹೊರತು ನಾವು ಯಾರೂ ಮುಟ್ಟುವ ಹಾಗಿಲ್ಲ. ಅದಾದ ಮೇಲೆ ಮೂರು ತಿಂಗಳ ಲೆಕ್ಕದ ಒಂದು ಹಾಳೆ, ಒಂದೂವರೆ ಪುಟದ ವಿವರ, ಇಷ್ಟನ್ನು ಮೇಲಿನ ಕಚೇರಿಗೆ ಕೊಟ್ಟೆವು. ಅಲ್ಲಿನ ಅಧಿಕಾರಿಗಳು ನಿಂತುಕೊಂಡೇ ಓದಲು ಶುರುಮಾಡಿದವರು ಕುಳಿತುಕೊಂಡು ಓದಿದರು. "ಇದನ್ನು ಯಾರು ಬರೆದಿದ್ದು?" ಅಂದರು. ಐದು ತಿಂಗಳಾದ ಮೇಲೆ ಎರಡು ಪ್ರಭಾರದಲ್ಲಿ ಒಂದನ್ನು ನಮ್ಮ ಡಾಕ್ಟರಿಂದ ಬಿಡಿಸಿದರು. ಇನ್ನೊಂದು ಉಳಿಯಿತು. ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ಹಾಳೆ ರುಜುವಿನಿಂದ ಆಗದೇ ಇದ್ದದ್ದು ಒಂದೂವರೆ ಪುಟದ ಲೆಕ್ಕದಿಂದ ಆಯಿತು.

ನಾನು ಆ ಡಾಕ್ಟರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟು ಒಂದು ಮಾತು ಹೇಳಿದರು. "ಗೌಡ್ರೇ, ಪ್ರಭಾರ ಜಾಸ್ತಿ ಅಂತ ನಾನೂ ಬರೆದು ಬರೆದು ಸಾಕಾಗಿತ್ತು. ನಾನು ಬರೆದರೆ ಸೋಮಾರಿ ನೆಪ ಹೇಳ್ತಾನೆ ಅಂತಾರೆ. ನೀವು ಬರೆದಿದ್ದು ಒಳ್ಳೇದಾಯ್ತು." ಸರ್ಕಾರದ ಒಳಗೆ ಕುಳಿತ ಒಳ್ಳೆಯವರಿಗೂ ಹೊರಗಿನ ಲೆಕ್ಕ ಬೇಕು ಎಂಬುದು ಆವತ್ತು ನನಗೆ ಗೊತ್ತಾಯಿತು.

ಅಲ್ಲಿಂದ ಮುಂದೆ ಮಗಳು ಊರಿಗೆ ಬಂದಾಗಲೆಲ್ಲ ಕೇಳಿ ಕೇಳಿ, ಅವಳು ಕೊಟ್ಟದ್ದನ್ನು ಓದಿ ಒಂದಷ್ಟು ತಿಳಿದುಕೊಂಡಿದ್ದೇನೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾವೆಲ್ಲ ಸಹಕಾರಿಗಳು. ಈ ಸಹಕಾರ ಚಳವಳಿಯೇ ನಮ್ಮ ದೇಶಕ್ಕೆ ಬಂದದ್ದು ಒಂದು ವರದಿಯ ಬೆನ್ನ ಹಿಂದೆ. ರೈತರು ಸಾಹುಕಾರರ ಬಡ್ಡಿಯಲ್ಲಿ ಮುಳುಗುತ್ತಿದ್ದ ಕಾಲದಲ್ಲಿ ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಅಧ್ಯಯನ ಮಾಡಲು ಹೇಳಿತು. ಅವರು ಯುರೋಪಿನ ರೈತರ ಸಾಲದ ಸಂಘಗಳನ್ನು, ಅದರಲ್ಲೂ ಜರ್ಮನಿಯಲ್ಲಿ ರೈಫೈಸನ್ ಎಂಬುವರು ಕಟ್ಟಿದ ಸಂಘಗಳನ್ನು ತಿಳಿದುಕೊಂಡು 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಪಾಟೀಲರ ಹೆಸರನ್ನು ನಾವು ಪ್ರತಿ ಸಹಕಾರ ಸಪ್ತಾಹದಲ್ಲೂ ನೆನೆಯುತ್ತೇವೆ, ನೆನೆಯಲೇಬೇಕು. ಅವರಿಗೆ ದಾರಿಯಾದ ಕಾಯಿದೆಯ ಹಿಂದೆ ಯಾರೋ ಕುಳಿತು ವರ್ಷಗಟ್ಟಲೆ ಓದಿ ಬರೆದಿದ್ದರು ಎಂಬುದನ್ನು ಮಾತ್ರ ಮರೆಯುತ್ತೇವೆ.

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ದೊಡ್ಡ ಕೆಲಸ ನಡೆಯಿತು. ರೈತನಿಗೆ ಸಾಲ ಎಲ್ಲಿಂದ ಬರುತ್ತಿದೆ ಎಂದು ನೋಡಲು ರಿಸರ್ವ್ ಬ್ಯಾಂಕಿನವರು 1951-52ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಮಾಡಿಸಿದರು. ಎ.ಡಿ. ಗೋರವಾಲಾ ಅವರು ಸಮಿತಿಯ ಅಧ್ಯಕ್ಷರು. 75 ಜಿಲ್ಲೆ, 600 ಹಳ್ಳಿ, 1,27,343 ಕುಟುಂಬಗಳು. ಕಂಪ್ಯೂಟರ್ ಇಲ್ಲ, ಮೊಬೈಲ್ ಇಲ್ಲ. ಎತ್ತಿನ ಗಾಡಿಯಲ್ಲೋ ಕಾಲುನಡಿಗೆಯಲ್ಲೋ ಹೋಗಿ ಕೇಳಬೇಕು, ಕೈಯಲ್ಲಿ ಬರೆದು ಕೂಡಿಸಬೇಕು. 1954ರಲ್ಲಿ ವರದಿ ಹೊರಬಂದಾಗ ತಿಳಿದದ್ದು ಇದು: ರೈತ ತೆಗೆದುಕೊಳ್ಳುತ್ತಿದ್ದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಬರೀ 3.1. ಸರ್ಕಾರದ್ದು 3.3. ಸುಮಾರು 70 ಭಾಗ ಬಡ್ಡಿ ವ್ಯವಹಾರದವರದು. ಐವತ್ತು ವರ್ಷ ಭಾಷಣ ಮಾಡಿಕೊಂಡು ಬಂದ ಸಹಕಾರದ ಅಸಲಿ ಅಂಕಪಟ್ಟಿ ಅದು. ಆದರೆ ಬರೆದವರು ಸಹಕಾರವನ್ನು ಮುಚ್ಚಿಬಿಡಿ ಎನ್ನಲಿಲ್ಲ. ಸೋತಿರುವುದು ನಿಜ, ಆದರೂ ಗೆಲ್ಲಿಸಲೇಬೇಕು ಎಂಬುದು ಅವರ ಅಭಿಪ್ರಾಯ. ಆ ಸಮಿತಿಯ ಸಲಹೆಯ ಮೇಲೆಯೇ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯಿತು, ಹಳ್ಳಿ ಕಡೆಗೆ ಶಾಖೆ ತೆರೆಯಲು ಶುರುವಾಯಿತು. ತಪ್ಪನ್ನು ಮುಚ್ಚಿಟ್ಟಿದ್ದರೆ ಇದು ಆಗುತ್ತಿತ್ತೇ?

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಉತ್ತರ ಕರ್ನಾಟಕ ಹಿಂದುಳಿದಿದೆ ಎಂದು ಎಷ್ಟೋ ವರ್ಷದಿಂದ ಕೂಗು ಇತ್ತು. 2000ದಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಅವರು ಜಿಲ್ಲೆ ಲೆಕ್ಕ ಬಿಟ್ಟು ತಾಲ್ಲೂಕು ಲೆಕ್ಕ ತೆಗೆದರು. ಆಗಿದ್ದ 175 ತಾಲ್ಲೂಕುಗಳನ್ನೂ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ, ಬ್ಯಾಂಕು ಹೀಗೆ 35 ಅಳತೆಗಳಲ್ಲಿ ತೂಗಿ 2002ರಲ್ಲಿ ವರದಿ ಕೊಟ್ಟರು. 114 ತಾಲ್ಲೂಕು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದರು. ಆ 39ರಲ್ಲಿ 26 ಉತ್ತರದವು, 13 ದಕ್ಷಿಣದವು. ಅಲ್ಲಿಯವರೆಗೆ ಬರೀ ಜಗಳವಾಗಿದ್ದದ್ದು ಆಮೇಲೆ ಪಟ್ಟಿಯಾಯಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಎಂದು ಹಣ ಇಡುವಾಗ ಆ ಪಟ್ಟಿಯೇ ಆಧಾರ. ಹಣ ಪೂರ್ತಿ ಸದ್ವಿನಿಯೋಗವಾಯಿತೇ ಎಂಬುದು ಬೇರೆ ಪ್ರಶ್ನೆ. ಅದನ್ನೂ ಸೇರಿಸಿ ಹೊಸದಾಗಿ ನೋಡಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಆಯಿತು.

ಇವು ಸರ್ಕಾರವೇ ಕೇಳಿ ಬರೆಸಿದ್ದು. ಯಾರೂ ಕೇಳದೆ ಬರೆದವರೂ ಉಂಟು. ಬೆಂಗಳೂರಿನಲ್ಲಿ ಡಾ. ಸ್ಯಾಮುಯೆಲ್ ಪಾಲ್ ಎಂಬ ಹಿರಿಯರಿದ್ದರು. ಅಹಮದಾಬಾದಿನ ಐ.ಐ.ಎಂ.ನ ನಿರ್ದೇಶಕರಾಗಿದ್ದವರು. 1993ರಲ್ಲಿ ಅವರು ಕೆಲವರನ್ನು ಕೂಡಿಸಿಕೊಂಡು ಬೆಂಗಳೂರಿನ ಮನೆಗಳಿಗೆ ಹೋಗಿ ಕೇಳಿಸಿದರು: ನೀರು, ವಿದ್ಯುತ್, ಕಸ, ಟೆಲಿಫೋನು, ಆಸ್ಪತ್ರೆ, ಇವುಗಳ ಕಚೇರಿಗೆ ನೀವು ಹೋದಾಗ ಕೆಲಸ ಆಯಿತೇ? ಎಷ್ಟು ಸಲ ಅಲೆದಿರಿ? ಲಂಚ ಕೊಟ್ಟಿರಾ? ಬಂದ ಉತ್ತರದ ಮೇಲೆ, ಶಾಲೆಯಲ್ಲಿ ಮಕ್ಕಳಿಗೆ ಪ್ರಗತಿ ಪತ್ರ ಕೊಡುತ್ತಾರಲ್ಲ ಹಾಗೆ, ಕಚೇರಿಗಳಿಗೆ ಪ್ರಗತಿ ಪತ್ರ ಮಾಡಿ 1994ರಲ್ಲಿ ಪ್ರಕಟಿಸಿದರು. ಅಂಕ ಬಹಳ ಕಡಿಮೆ ಬಂದಿತ್ತು. ಪತ್ರಿಕೆಗಳಲ್ಲಿ ಬಂತು, ಊರೆಲ್ಲ ಮಾತಾಯಿತು. ಅದೇ ವರ್ಷ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಹುಟ್ಟಿತು. 1999ರಲ್ಲಿ ಮತ್ತೆ ಕೇಳಿದರು, ಸುಧಾರಣೆ ಸ್ವಲ್ಪವೇ. 2003ರಲ್ಲಿ ಮೂರನೇ ಸಲ ಕೇಳಿದಾಗ ಚೆನ್ನಾಗಿ ಸುಧಾರಿಸಿತ್ತು. ಹತ್ತು ವರ್ಷ ಒಂದೇ ಪ್ರಶ್ನೆಯನ್ನು ಬಿಡದೆ ಕೇಳಿದರು ನೋಡಿ, ಅದು ದೊಡ್ಡದು. ಒಂದು ದಿನ ಫ್ಯಾಟ್ ನೋಡಿದರೆ ಹಸುವಿನ ಗುಣ ತಿಳಿಯುವುದಿಲ್ಲ, ಸೂಲು ಪೂರ್ತಿ ನೋಡಬೇಕು.

ರಾಜಸ್ಥಾನದ ಹಳ್ಳಿಗಳ ಕಥೆ ಇನ್ನೂ ನಮಗೆ ಹತ್ತಿರ. ಅಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ರೈತರು, ಕೂಲಿಕಾರರ ಜೊತೆ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಬರಗಾಲದ ಕಾಮಗಾರಿಯಲ್ಲಿ ಕೂಲಿ ಪೂರ್ತಿ ಕೊಡುತ್ತಿರಲಿಲ್ಲ. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಜನರನ್ನು ಸೇರಿಸಿ ಹಾಜರಿ ಪಟ್ಟಿಗಳ ಲೆಕ್ಕವನ್ನು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಖರ್ಚಾಗಿತ್ತು. ಆ ಪಟ್ಟಿ ನೋಡುವ ಹಕ್ಕು ನಮಗೆ ಬೇಕು ಎಂಬ ಹೋರಾಟವೇ ಬೆಳೆದು, 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂದ ಮಾಹಿತಿ ಹಕ್ಕು ಕಾಯಿದೆಯ ಹಿಂದಿನ ಒಂದು ದೊಡ್ಡ ಬಲವಾಯಿತು. ಹತ್ತು ರೂಪಾಯಿ ಕಟ್ಟಿ ಇವತ್ತು ನಾವು ಅರ್ಜಿ ಹಾಕುತ್ತೇವಲ್ಲ, ಅದರ ಬೇರು ಅಲ್ಲಿದೆ. ಹಾಗೆಯೇ 2005ರಿಂದ 'ಅಸರ್' ಎಂಬ ಸಮೀಕ್ಷೆಯವರು ಹಳ್ಳಿ ಮಕ್ಕಳ ಮನೆಗೇ ಹೋಗಿ ಒಂದು ಪುಟ ಓದಿಸಿ ನೋಡುತ್ತಾರೆ. ಐದನೇ ಕ್ಲಾಸಿನ ಮಕ್ಕಳಲ್ಲಿ ಸುಮಾರು ಅರ್ಧ ಜನ ಎರಡನೇ ಕ್ಲಾಸಿನ ಪಾಠ ಓದಲಾರರು ಎಂಬುದು ದೇಶಕ್ಕೆ ತಿಳಿದದ್ದು ಅವರಿಂದ. ಅಲ್ಲಿಯವರೆಗೆ ಶಾಲೆ ಎಷ್ಟು, ಕೊಠಡಿ ಎಷ್ಟು, ಬಿಸಿಯೂಟ ಎಷ್ಟು ಎಂದು ಎಣಿಸುತ್ತಿದ್ದೆವು. ಮಗು ಓದುತ್ತದೆಯೇ ಎಂದು ಎಣಿಸಿರಲಿಲ್ಲ.

ಬರೆಯುವವರ ಪಾಲೂ ಇದರಲ್ಲಿ ದೊಡ್ಡದು. ಪತ್ರಕರ್ತ ಪಿ. ಸಾಯಿನಾಥ್ ಅವರು ದೇಶದ ಅತಿ ಬಡ ಜಿಲ್ಲೆಗಳಲ್ಲಿ ತಿರುಗಿ, ಬರ ಪರಿಹಾರದ ಹಣ, ಶಾಲೆ, ಆಸ್ಪತ್ರೆಗಳ ನಿಜಸ್ಥಿತಿ ಬರೆದರು. 1996ರಲ್ಲಿ ಅದು ಪುಸ್ತಕವಾಯಿತು. ಅಂಕಿ ಅಂಶವನ್ನು ಅಧಿಕಾರಿ ಓದುತ್ತಾನೆ, ಮನುಷ್ಯರ ಕಥೆಯನ್ನು ಎಲ್ಲರೂ ಓದುತ್ತಾರೆ. ಎರಡೂ ಬೇಕು.

ಈಗ ಮಕ್ಕಳಿಗೆ, ಮಕ್ಕಳ ತಂದೆ ತಾಯಿಗಳಿಗೆ. ಈ ಕೆಲಸಕ್ಕೆ ಏನು ಓದಬೇಕು? ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜಕಾರ್ಯ, ಗ್ರಾಮೀಣಾಭಿವೃದ್ಧಿ, ಪತ್ರಿಕೋದ್ಯಮ, ಕೃಷಿ ಯಾವುದಾದರೂ ಆದೀತು. ಆರ್ಟ್ಸ್ ತಗೊಂಡರೆ ದಡ್ಡರು ಎಂಬ ಮಾತನ್ನು ನಾವು ಬಿಡಬೇಕು. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಬೆಂಗಳೂರಿನ ನಾಗರಭಾವಿಯಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇದೆ, ಅಲ್ಲಿ ಪಿಎಚ್.ಡಿ. ಮಾಡಬಹುದು. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬರ ಹೆಸರಿನ ತರಬೇತಿ ಸಂಸ್ಥೆ ಇದೆ. ಸರ್ಕಾರದ ಒಳಗೇ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಲೆಕ್ಕಪರಿಶೋಧನೆ ಇಲಾಖೆ, ಯೋಜನೆಗಳ ಫಲ ಅಳೆಯುವ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇವೆ. ಕೇಂದ್ರ ಲೋಕಸೇವಾ ಆಯೋಗದವರು ಭಾರತೀಯ ಸಾಂಖ್ಯಿಕ ಸೇವೆಗೆ ಪರೀಕ್ಷೆ ಮಾಡುತ್ತಾರೆ.

ಬರೀ ಸಿಹಿ ಹೇಳಿ ಕಳಿಸುವುದು ಸರಿಯಲ್ಲ. ಹೊರಗಿನ ಸಂಸ್ಥೆಗಳಲ್ಲಿ ಎಷ್ಟೋ ಕೆಲಸ ವರ್ಷಕ್ಕೋ ಎರಡು ವರ್ಷಕ್ಕೋ ಒಪ್ಪಂದದ ಮೇಲೆ. ಮೊದಮೊದಲು ಸಂಬಳ ಕಡಿಮೆ, ಬಿಸಿಲು ಜಾಸ್ತಿ. ಬರೆದ ವರದಿ ಬೀರುವಿನಲ್ಲೇ ಕೊಳೆಯುವುದೂ ಉಂಟು. ಮರದ ಕೆಳಗೆ ಕುಳಿತು ಫಾರಂ ತುಂಬಿ ಹೋಗುವವರೂ ಇದ್ದಾರೆ, ಇಂಥವರಿಂದ ಒಳ್ಳೆಯವರಿಗೂ ಕೆಟ್ಟ ಹೆಸರು. ಆದರೆ ಹಳ್ಳಿ ಮಕ್ಕಳಿಗೆ ಇದರಲ್ಲಿ ಒಂದು ಬಂಡವಾಳ ಹುಟ್ಟಿನಿಂದಲೇ ಇದೆ. ಪಹಣಿ ಎಂದರೇನು, ಪೋಡಿ ಎಂದರೇನು, ನ್ಯಾಯಬೆಲೆ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಇನ್ನೊಂದು ಕೊರತೆ ದೊಡ್ಡದಿದೆ. ಈ ವರದಿಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಯಾರ ಬಗ್ಗೆ ಬರೆದರೋ ಅವರೇ ಓದಲಾರರು. ಕನ್ನಡದಲ್ಲಿ ತಿಳಿಯಾಗಿ ಬರೆಯುವವರು ಬೇಕಾಗಿದ್ದಾರೆ. ಕನ್ನಡ ಚೆನ್ನಾಗಿ ಬಲ್ಲ ನಮ್ಮ ಮಕ್ಕಳೇ ಆ ಕೆಲಸ ಮಾಡಬೇಕು.

ಸದಸ್ಯರಿಗೂ ಎರಡು ಮಾತು. ನಮ್ಮ ಬಾಗಿಲಿಗೆ ಫಾರಂ ಹಿಡಿದು ಯಾರಾದರೂ ಬಂದರೆ ನಾವು ಮಾಡುವುದೇನು? ಕಾರ್ಡು ಹೋದೀತು ಎಂದು ನಾಲ್ಕು ಹಸು ಇದ್ದರೆ ಎರಡು ಅನ್ನುತ್ತೇವೆ. ಪರಿಹಾರ ಬಂದೀತು ಎಂದು ಎರಡು ಕುರಿ ಸತ್ತರೆ ನಾಲ್ಕು ಅನ್ನುತ್ತೇವೆ. ನಾನೂ ಹೇಳಿದ್ದೇನೆ, ಕದ್ದುಮುಚ್ಚಿ ಏನು? ಹಾಲಿಗೆ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಮಾತಿಗೆ ನೀರು ಹಾಕಿದರೆ ಹೇಳುವ ಯಂತ್ರ ಇಲ್ಲ. ಆ ನೀರು ಕೊನೆಗೆ ನಮ್ಮ ಆಸ್ಪತ್ರೆ, ನಮ್ಮ ಶಾಲೆಯ ಲೆಕ್ಕಕ್ಕೇ ಬಂದು ಸೇರುತ್ತದೆ. ಆದ್ದರಿಂದ ಬಂದವರನ್ನು ಕೂರಿಸಿ. ಯಾರು ಕಳಿಸಿದರು, ಯಾತಕ್ಕೆ ಎಂದು ಕೇಳಿ, ಗುರುತಿನ ಚೀಟಿ ನೋಡಿ. ಬ್ಯಾಂಕಿನ ವಿವರ, ಮೊಬೈಲಿಗೆ ಬರುವ ಓ.ಟಿ.ಪಿ. ಕೇಳಿದರೆ ಎದ್ದು ಕಳಿಸಿ, ಅವರು ಸಮೀಕ್ಷೆಯವರಲ್ಲ. ಉಳಿದದ್ದಕ್ಕೆ ನಿಜ ಹೇಳಿ. ಹೋಗುವಾಗ, "ನೀವು ಬರೆದದ್ದನ್ನು ನಮಗೂ ಒಂದು ಪ್ರತಿ ಕಳಿಸಿ" ಅನ್ನಿ.

ಕಾಯಿದೆಗಳು ನಮ್ಮ ಕೈಯಲ್ಲಿವೆ. 2011ರ ಸಕಾಲ ಕಾಯಿದೆ 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂತು. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಇಂತಿಷ್ಟು ದಿನದಲ್ಲಿ ಕೆಲಸ ಆಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ನಮ್ಮಲ್ಲಿ ಎಷ್ಟು ಜನ ಆ ಚೀಟಿ ಇಟ್ಟುಕೊಂಡಿದ್ದೀರಿ? ಜೇಬಿನಲ್ಲಿ ಹಾಕಿ, ಅಂಗಿಯ ಜೊತೆ ಒಗೆದುಬಿಡುತ್ತೇವೆ. ಚೀಟಿ ಹೋದರೆ ದೂರು ಮಾತ್ರ ಉಳಿಯುತ್ತದೆ.

ಕೊನೆಯದಾಗಿ ಸಂಘದ ಮುಂದೆ ಮೂರು ಸೂಚನೆ ಇಡುತ್ತೇನೆ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಯಾಗಲಿ. ಒಂದು, ರಾಸಿನ ಪುಸ್ತಕ ನಿಲ್ಲದೆ ನಡೆಯುತ್ತಿದೆ, ಅದರಂತೆ ಪಡಿತರ, ಪಿಂಚಣಿ, ಕುಡಿಯುವ ನೀರು, ಬಸ್ಸು, ಇವುಗಳಿಗೂ ಒಂದು ಪುಸ್ತಕ ಡೇರಿಯಲ್ಲಿರಲಿ. ಕಾಲೇಜಿನ ಮಕ್ಕಳು ತಿಂಗಳಿಗೊಮ್ಮೆ ಕೂಡಿಸಿ, ಒಂದು ಪುಟ ಬರೆದು ಗ್ರಾಮಸಭೆಯಲ್ಲಿ ಓದಲಿ. ಎರಡು, ಹಾಗೆ ಚೆನ್ನಾಗಿ ಬರೆದ ಮಗುವಿಗೆ ಸಂಘದ ವಿದ್ಯಾರ್ಥಿ ನಿಧಿಯಿಂದ ಪ್ರತಿವರ್ಷ ಒಂದು ಬಹುಮಾನ. ಮೂರು, ಬೇರೆಯವರಿಗೆ ಅಂಕ ಕೊಡುವ ಮೊದಲು ನಮ್ಮ ಸಂಘಕ್ಕೇ ಅಂಕ ಹಾಕಿಸೋಣ. ಫ್ಯಾಟ್ ಸರಿಯಾಗಿ ನೋಡುತ್ತಾರಾ, ಬಟವಾಡೆ ಹೊತ್ತಿಗೆ ಸಿಗುತ್ತದಾ, ನಿರ್ದೇಶಕರು ಕೇಳಿದರೆ ಉತ್ತರ ಕೊಡುತ್ತಾರಾ ಎಂದು ಪ್ರತಿ ಮನೆಯಲ್ಲೂ ಕೇಳಲಿ, ಬಂದದ್ದನ್ನು ಹಾಗೆಯೇ ಬೋರ್ಡಿಗೆ ಹಾಕಲಿ. ನನಗೆ ಕಡಿಮೆ ಅಂಕ ಬಂದರೂ ಬರಲಿ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿಶ್ವಸಂಸ್ಥೆಯವರು 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿದರು. ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ್ದೂ ಅದೇ ವರ್ಷ. ಈ ಇಪ್ಪತ್ತೈದು ವರ್ಷದಲ್ಲಿ ದಿನಕ್ಕೆ ಎರಡು ಹೊತ್ತು, ಒಂದು ಹೊತ್ತೂ ತಪ್ಪದೆ ಲೆಕ್ಕ ಬರೆದಿದ್ದೇವೆ. ಹಬ್ಬ ಇರಲಿ, ಸಾವು ಇರಲಿ, ಮಳೆ ಇರಲಿ, ಪುಸ್ತಕ ತೆರೆದಿದೆ. ಹೀಗೆ ಲೆಕ್ಕ ಬರೆಯುವ ಜನ ನಾವು. ಅದೇ ಕೈಯಲ್ಲಿ ನಮಗೆ ಬರಬೇಕಾದ ಸೇವೆಯ ಲೆಕ್ಕವನ್ನೂ ಬರೆಯಬಲ್ಲೆವು.

ನಮ್ಮ ಅಣ್ಣನ ಮಗಳಿಗೆ ಮದುವೆಯಾಯಿತು. ಅವಳ ಕೆಲಸ ಏನೆಂದು ತಿಳಿದೇ ಒಪ್ಪಿದ ಮನೆಯವರು. ಈ ಸಲ ಯಾರಾದರೂ "ನಿಮ್ಮ ಹುಡುಗಿ ಏನು ಕೆಲಸ ಮಾಡ್ತಾಳೆ?" ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ, "ನಮ್ಮೂರಿಗೆ ದನದ ಡಾಕ್ಟರು ಹೊತ್ತಿಗೆ ಬರೋ ಹಾಗೆ ಮಾಡ್ತಾಳೆ."